ಟ್ಯಾಕೊ ತಾಟಿನ ಲೆಕ್ಕ, ಜೋಳದ ರೊಟ್ಟಿಯ ಲೆಕ್ಕ

(ಬಬಲೇಶ್ವರದಲ್ಲಿ ಸುತ್ತಲಿನ ಹಳ್ಳಿಗಳ ರೈತರ ಮುಂದೆ ಆಡಿದ ಮಾತುಗಳ ಬರಹರೂಪ)



ಇವತ್ತು ನಾನು ಒಂದು ಹೋಟೆಲಿನ ಊಟದ ಬಗ್ಗೆ ಮಾತಾಡಲಿಕ್ಕೆ ಬಂದಿದ್ದೇನೆ. “ಸಾಲ, ಬಡ್ಡಿ, ಬೆಲೆ ಬಿಟ್ಟು ಇವ ಊಟದ ಸುದ್ದಿ ಯಾಕ ತಗದಾ?” ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ಬೆಲೆಯ ಸುದ್ದಿ ಇರುವುದೇ ಊಟದ ತಾಟಿನಲ್ಲಿ. ನಾವು ರಾಶಿ ಮಾಡಿ, ಚೀಲ ಹೊಲಿದು, ಅಡತಿ ಅಂಗಡಿಯಲ್ಲಿ ಇಳಿಸಿ ಪಟ್ಟಿ ಹಿಡಿದು ಮನೆಗೆ ಬರುತ್ತೇವೆ. ನಮ್ಮ ಕಾಳಿನ ಪ್ರಯಾಣ ಅಲ್ಲಿಂದ ಮುಂದೆಯೂ ಇದೆ. ಕೊನೆಗೆ ಅದು ಯಾರದೋ ತಾಟಿಗೆ ಮುಟ್ಟುತ್ತದೆ, ಅವರು ಅದಕ್ಕೆ ಒಂದು ಬೆಲೆ ಕೊಡುತ್ತಾರೆ. ಆ ಬೆಲೆಗೂ ನಮ್ಮ ಕೈಗೆ ಬಂದ ಬೆಲೆಗೂ ಏನು ಸಂಬಂಧ? ಅದನ್ನು ಇವತ್ತು ಲೆಕ್ಕ ಹಾಕಿ ನೋಡೋಣ.

ಬೆಂಗಳೂರು, ಪುಣೆ, ಮುಂಬೈಗಳಲ್ಲಿ ಈಗ ಮೆಕ್ಸಿಕೊ ದೇಶದ ಊಟದ ಹೋಟೆಲುಗಳಾಗಿವೆ. ಅಲ್ಲಿಯ ಮುಖ್ಯ ತಿನಿಸಿನ ಹೆಸರು ಟ್ಯಾಕೊ. ಅಮೆರಿಕದ ಟ್ಯಾಕೊ ಬೆಲ್ ಎಂಬ ಕಂಪನಿ ಭಾರತದ ತನ್ನ ಮೊದಲ ಅಂಗಡಿಯನ್ನು 2010ರಲ್ಲಿ ಬೆಂಗಳೂರಿನಲ್ಲೇ ತೆರೆಯಿತು. ಅದು ಗಡಬಡಿಸಿ ತಿಂದು ಏಳುವ ಜಾಗ. ಅದಾದ ಮೇಲೆ ಕುಳಿತು ಉಣ್ಣುವ, ಬಣ್ಣದ ದೀಪದ, ಮೇಜಿಗೆ ಬಂದು ಬಡಿಸುವ ದೊಡ್ಡ ಹೋಟೆಲುಗಳೂ ಬಂದವು. ನಿಮ್ಮ ಮಗನೋ ಮಗಳೋ ಬೆಂಗಳೂರಿನಲ್ಲಿ ನೌಕರಿಗೆ ಇದ್ದರೆ, ಒಂದು ದಿನ ನಿಮ್ಮನ್ನೂ ಅಲ್ಲಿಗೆ ಕರೆದುಕೊಂಡು ಹೋಗಿಯಾರು. ಹೋದರೆ ಏನು ಕಾಣುತ್ತೀರಿ, ಮೊದಲು ಅದನ್ನು ಹೇಳುತ್ತೇನೆ.

ಒಂದು ತಾಟು ಬರುತ್ತದೆ. ಅದರಲ್ಲಿ ಅಂಗೈಯಷ್ಟು ಅಗಲದ ಮೂರು ರೊಟ್ಟಿ. ಈ ರೊಟ್ಟಿಗೆ ಅವರು ತೋರ್ತಿಯಾ ಎನ್ನುತ್ತಾರೆ. ಅದು ಗೋವಿನಜೋಳದ ರೊಟ್ಟಿ. ಅದರ ಮೇಲೆ ಬೇಯಿಸಿ ಅರೆದ ಕಾಳಿನ ಪಲ್ಯ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ, ಹಸಿಮೆಣಸಿನಕಾಯಿಯ ಖಾರ, ಬೆಣ್ಣೆಹಣ್ಣಿನ ಚಟ್ನಿ. ಮಾಂಸ ಉಣ್ಣುವವರಿಗೆ ಮಾಂಸ, ಒಲ್ಲದವರಿಗೆ ಅಣಬೆ, ಪನೀರು. ಪಕ್ಕದಲ್ಲಿ ಒಂದು ಹೋಳು ಲಿಂಬೆ. ರೊಟ್ಟಿಯನ್ನು ಮಡಚಿ ಕೈಯಲ್ಲಿ ಹಿಡಿದು ತಿನ್ನಬೇಕು, ಚಮಚೆ ಬೇಕಿಲ್ಲ. ನೀವು ಒಂದು ತುತ್ತು ತಿಂದು “ಇದು ನಮ್ಮ ಹೊಲದಾಗಿನ ಬುತ್ತಿ ಅಲ್ಲೇನು?” ಅಂದರೆ ತಪ್ಪಿಲ್ಲ. ರೊಟ್ಟಿಯ ಮೇಲೆ ಪಲ್ಯ, ಹಿಂಡಿ, ಉಳ್ಳಾಗಡ್ಡಿ ಇಟ್ಟು ಸುರುಳಿ ಮಾಡಿ ಬದುವಿನ ಮೇಲೆ ನಿಂತು ತಿನ್ನುವುದು ನಮಗೆ ಹೊಸದೇ? ಮೆಕ್ಸಿಕೊದಲ್ಲೂ ಅದು ದುಡಿಯುವವರ ಬುತ್ತಿ. ಅಲ್ಲಿ ಇವತ್ತಿಗೂ ಬೀದಿ ಬದಿಯ ಗಾಡಿಯ ಮುಂದೆ ನಿಂತೇ ಅದನ್ನು ತಿನ್ನುವವರು ಬಹಳ.

ಆ ರೊಟ್ಟಿ ಮಾಡುವ ವಿದ್ಯೆ ದೊಡ್ಡದು. ಗೋವಿನಜೋಳವನ್ನು ನೀರಿಗೆ ಸುಣ್ಣ ಹಾಕಿ ಕುದಿಸುತ್ತಾರೆ. ಎಲೆಗೆ ಹಚ್ಚುತ್ತೇವಲ್ಲ, ಅದೇ ಜಾತಿಯ ಸುಣ್ಣ. ರಾತ್ರಿಯೆಲ್ಲ ನೆನೆಯಿಟ್ಟು, ಮುಂಜಾನೆ ತೊಳೆದು ಸಿಪ್ಪೆ ಕಳೆದು, ಹಸಿದಾಗಲೇ ಕಲ್ಲಿನ ಮೇಲೆ ಅರೆಯುತ್ತಾರೆ. ಆ ಕಣಕವನ್ನು ತಟ್ಟಿ ಮಣ್ಣಿನ ಹಂಚಿನ ಮೇಲೆ ಸುಡುತ್ತಾರೆ. ಸುಣ್ಣ ಹಾಕುವುದರಿಂದ ರೊಟ್ಟಿ ಹರಿಯದೆ ಬರುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಕಾಳಿನಲ್ಲಿ ಅಡಗಿದ ನಯಾಸಿನ್ ಎಂಬ ಜೀವಸತ್ವ ಬಿಡಿಸಿಕೊಂಡು ಮೈಗೆ ಹತ್ತುತ್ತದೆ. ಯುರೋಪಿನವರು ಅಲ್ಲಿಂದ ಗೋವಿನಜೋಳ ಒಯ್ದರು, ಸುಣ್ಣದ ವಿದ್ಯೆ ಅಲ್ಲೇ ಬಿಟ್ಟರು. ಅದನ್ನೇ ನಂಬಿ ಬದುಕಿದ ಇಟಲಿ, ಸ್ಪೇನ್ ದೇಶಗಳ ಬಡ ರೈತರಿಗೆ ಪೆಲ್ಲಾಗ್ರ ಎಂಬ ರೋಗ ಹತ್ತಿತು. ಚರ್ಮ ಸುಲಿದು, ತಲೆ ಕೆಟ್ಟು ಸಾವಿರಾರು ಜನ ಸತ್ತರು. ಕಾಳನ್ನು ಅದರ ವಿದ್ಯೆಯಿಂದ, ಅದನ್ನು ಬೆಳೆದವರಿಂದ ಬೇರೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದು ಮೊದಲ ಪಾಠ. ಎರಡನೆಯ ಪಾಠ ಮುಂದೆ ಹೇಳುತ್ತೇನೆ.

ಆ ತಾಟನ್ನು ಪರದೇಶದ್ದೆಂದು ತೆಗಳಲಿಕ್ಕೆ ನಾನು ಬಂದಿಲ್ಲ. ನಮ್ಮ ಮೆಣಸಿನಕಾಯಿ, ಟೊಮೆಟೊ, ಗೋವಿನಜೋಳ ಎಲ್ಲವೂ ಆ ಕಡೆಯ ಭೂಖಂಡದಿಂದಲೇ ಬಂದವು. ಪೋರ್ಚುಗೀಜರ ಹಡಗು ಗೋವೆಗೆ ಬರುವ ಮೊದಲು ನಮ್ಮ ಹಿರಿಯರ ಅಡಿಗೆಯಲ್ಲಿ ಖಾರಕ್ಕೆ ಕಾಳುಮೆಣಸು ಇತ್ತು, ಮೆಣಸಿನಕಾಯಿ ಇರಲಿಲ್ಲ. ಅವರ ತಾಟಿನ ಲಿಂಬೆಹೋಳು ನಮ್ಮ ಏಷ್ಯಾದ ಕಡೆಯಿಂದ ಅಲ್ಲಿಗೆ ಹೋದದ್ದು. ನಮ್ಮ ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ನಿಮಗೆ ಗೊತ್ತಿದೆ. ಊಟದಲ್ಲಿ ಕೊಡುಕೊಳ್ಳುವುದು ನಾನೂರು ಐನೂರು ವರ್ಷದಿಂದ ನಡೆದಿದೆ. ಅದಕ್ಕೆ ನನ್ನ ತಕರಾರಿಲ್ಲ. ನನ್ನ ಪ್ರಶ್ನೆ ಬಿಲ್ಲಿನದು.

ಈಗ ಬಿಲ್ಲು ಬಂತೆಂದು ತಿಳಿಯಿರಿ. ಲೆಕ್ಕಕ್ಕೆ ಸುಲಭವಾಗಲಿ ಎಂದು ಮೂರು ಟ್ಯಾಕೊದ ತಾಟಿಗೆ 300 ರೂಪಾಯಿ ಹಿಡಿಯೋಣ. ಒಂದೊಂದು ಸಣ್ಣ ರೊಟ್ಟಿಗೆ 20 ಗ್ರಾಂ ಕಾಳು ಎಂದರೆ, ಮೂರಕ್ಕೆ 60 ಗ್ರಾಂ ಗೋವಿನಜೋಳ. 2025-26ರ ಹಂಗಾಮಿಗೆ ಕೇಂದ್ರ ಸರಕಾರ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ, ಅಂದರೆ ಕಿಲೋಗೆ 24. ಅರವತ್ತು ಗ್ರಾಮಿಗೆ 1 ರೂಪಾಯಿ 44 ಪೈಸೆ. ಮುನ್ನೂರು ರೂಪಾಯಿಯ ತಾಟಿನಲ್ಲಿ, ಯಾವ ಕಾಳಿನಿಂದ ಆ ತಿನಿಸು ಹುಟ್ಟಿತೋ ಆ ಕಾಳಿನ ರೈತನ ಪಾಲು ಒಂದೂವರೆ ರೂಪಾಯಿ ಕೂಡ ಇಲ್ಲ. ನೂರಕ್ಕೆ ಅರ್ಧ ರೂಪಾಯಿಯೂ ಪೂರ್ತಿ ಬರಲಿಲ್ಲ. ಅದೂ ಬೆಂಬಲ ಬೆಲೆ ಪೂರ್ತಿ ಸಿಕ್ಕರೆ. ಪೇಟೆಯಲ್ಲಿ ಎಷ್ಟಕ್ಕೆ ಕೂಗುತ್ತಾರೆ ಎಂಬುದು ನಿಮಗೇ ಗೊತ್ತು.

ಉಳಿದದ್ದನ್ನೆಲ್ಲ ಹೋಟೆಲಿನವನು ನುಂಗಿದ ಎಂದು ನಾನು ಹೇಳುವುದಿಲ್ಲ. ಅವನಿಗೆ ಬಾಡಿಗೆ ಇದೆ, ಗ್ಯಾಸು, ಕರೆಂಟು, ಅಡಿಗೆಯವರ ಪಗಾರ, ತೆರಿಗೆ, ಅವನದೂ ಬ್ಯಾಂಕಿನ ಸಾಲ. ಕಾಯಿಪಲ್ಯ, ಕಾಳು, ಹಾಲು ಬೆಳೆದ ಬೇರೆ ರೈತರಿಗೂ ಒಂದಿಷ್ಟು ಹೋಗಿರುತ್ತದೆ. ಆದರೆ ಒಂದು ಮಾತು ಗಟ್ಟಿ ಮಾಡಿಕೊಳ್ಳಿರಿ. ನಾಳೆ ಅದೇ ತಾಟು 600 ರೂಪಾಯಿ ಆದರೂ ಗೋವಿನಜೋಳದ ರೈತನಿಗೆ ಸಿಗುವುದು ಅದೇ 1 ರೂಪಾಯಿ 44 ಪೈಸೆ. ತಾಟಿನ ಬೆಲೆ ಏರಿದರೆ ಕಾಳಿನ ಬೆಲೆ ತಾನಾಗಿ ಏರುತ್ತದೆ ಎಂಬುದು ಬರೀ ಭ್ರಮೆ. ಇದನ್ನು ನಾನು ಬಾಯಿಮಾತಿಗೆ ಹೇಳುತ್ತಿಲ್ಲ. ಟ್ಯಾಕೊದ ತವರುಮನೆಯಲ್ಲೇ ಇದು ನಡೆದುಹೋಗಿದೆ.

ಮೆಕ್ಸಿಕೊ ಸರಕಾರ ಅಮೆರಿಕ ಮತ್ತು ಕೆನಡಾಗಳ ಜೊತೆ ಮಾಡಿಕೊಂಡ ಮುಕ್ತ ವ್ಯಾಪಾರದ ಒಪ್ಪಂದ 1994ರ ಜನವರಿ 1ರಂದು ಜಾರಿಗೆ ಬಂತು. ಅದೇ ದಿನ ಆ ದೇಶದ ದಕ್ಷಿಣದ ಚಿಯಾಪಾಸ್ ಪ್ರಾಂತದಲ್ಲಿ ಮೂಲನಿವಾಸಿ ರೈತರು ದಂಗೆ ಎದ್ದರು. ಗೋವಿನಜೋಳದ ಆಮದು ಸುಂಕವನ್ನು 15 ವರ್ಷದಲ್ಲಿ ಮೆಲ್ಲಗೆ ತೆಗೆಯಬೇಕೆಂದು ಒಪ್ಪಂದದಲ್ಲಿತ್ತು. ಆದರೆ ಮೊದಲಿನಿಂದಲೇ ಮಿತಿ ಮೀರಿ ಬಂದ ಕಾಳಿಗೂ ಸರಕಾರ ಸುಂಕ ಹಾಕದೆ ಬಿಟ್ಟಿತು. ಅಮೆರಿಕದ ದೊಡ್ಡ ರೈತರಿಗೆ ಅವರ ಸರಕಾರ ಸಹಾಯಧನ ಕೊಡುತ್ತಿತ್ತು. ಆ ಅಗ್ಗದ ಕಾಳು ಹಡಗು ಹಡಗಾಗಿ, ರೈಲು ರೈಲಾಗಿ ಬಂದು ಬಿತ್ತು. ಎರಡು ಮೂರು ಎಕರೆಯ ಮಳೆ ನಂಬಿದ ಮೆಕ್ಸಿಕೊ ರೈತನ ಕಾಳಿನ ಬೆಲೆ ಕುಸಿಯಿತು. ಲಕ್ಷಗಟ್ಟಲೆ ಜನ ಹೊಲ ಬಿಟ್ಟು ಪಟ್ಟಣಕ್ಕೆ, ಅಮೆರಿಕಕ್ಕೆ ಕೂಲಿಗೆ ಹೋದರು.

ಕಾಳು ಅಗ್ಗವಾದ ಮೇಲೆ ರೊಟ್ಟಿಯೂ ಅಗ್ಗವಾಗಿರಬೇಕಲ್ಲವೇ? ಆಗಲಿಲ್ಲ. ಸರಕಾರ 1999ರ ಹೊತ್ತಿಗೆ ರೊಟ್ಟಿಯ ಮೇಲಿನ ಬೆಲೆ ನಿಯಂತ್ರಣ, ಸಹಾಯಧನ ಎರಡನ್ನೂ ತೆಗೆದುಹಾಕಿತು. ಕಾಳು ಕೊಳ್ಳುತ್ತಿದ್ದ ಸರಕಾರಿ ಸಂಸ್ಥೆಯನ್ನೂ ಮುಚ್ಚಿತು. ರೈತನಿಗೆ ಬೆಲೆ ಇಳಿಯಿತು, ಉಣ್ಣುವವನಿಗೆ ಬೆಲೆ ಏರಿತು. ನಡುವೆ ಹಿಟ್ಟಿನ ದೊಡ್ಡ ಗಿರಣಿಗಳು ಬೆಳೆದವು. ಮುಂದೆ ಅಮೆರಿಕ ತನ್ನ ಗೋವಿನಜೋಳವನ್ನು ಮೋಟಾರಿಗೆ ಹಾಕುವ ಎಥನಾಲಿಗೆ ತಿರುಗಿಸಿದಾಗ, 2007ರ ಜನವರಿಯಲ್ಲಿ ಮೆಕ್ಸಿಕೊದಲ್ಲಿ ರೊಟ್ಟಿಯ ಬೆಲೆ ಒಮ್ಮೆಲೇ ಹಾರಿತು. ಹತ್ತಾರು ಸಾವಿರ ಜನ ರಾಜಧಾನಿಯ ಬೀದಿಗೆ ಇಳಿದರು. ಅಧ್ಯಕ್ಷ ಕಾಲ್ಡೆರೋನ್ ವ್ಯಾಪಾರಿಗಳನ್ನು ಕರೆದು ಕಿಲೋಗೆ ಎಂಟೂವರೆ ಪೆಸೊ ಮೀರಬಾರದೆಂದು ಒಪ್ಪಂದ ಮಾಡಿಸಬೇಕಾಯಿತು. ಅಷ್ಟೊತ್ತಿಗೆ ಬೆಳೆಯುವ ರೈತರಲ್ಲಿ ಬಹಳ ಮಂದಿ ಹೊಲ ಬಿಟ್ಟಾಗಿತ್ತು. ಏರಿದ ಬೆಲೆ ಅವರಿಗೆ ಹೇಗೆ ಸಿಕ್ಕೀತು?

ಇದಾದ ಮೂರು ವರ್ಷಕ್ಕೆ, 2010ರಲ್ಲಿ, ಯುನೆಸ್ಕೊ ಸಂಸ್ಥೆ ಮೆಕ್ಸಿಕೊದ ಸಾಂಪ್ರದಾಯಿಕ ಅಡಿಗೆಯನ್ನು ಮನುಕುಲದ ಪರಂಪರೆ ಎಂದು ಗೌರವಿಸಿತು. ಗೌರವ ತಾಟಿಗೆ ಸಿಕ್ಕಿತು. ಕಾಳು ಬೆಳೆದವನ ಸಾಲ ಹಾಗೇ ಉಳಿಯಿತು.

ಈಗ ನಮ್ಮೂರಿಗೆ ಬರೋಣ. ವಿಜಯಪುರದ ಬಸ್‌ಸ್ಟ್ಯಾಂಡ್ ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಖಾನಾವಳಿ. ಎಣಗಾಯಿ ಪಲ್ಯ, ಝುಣಕ, ಮಡಕಿ ಕಾಳು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರು, ಉಳ್ಳಾಗಡ್ಡಿ, ಎರಡು ಬಿಸಿ ರೊಟ್ಟಿ. ನಮ್ಮ ಜಿಲ್ಲೆಯ ಖಾನಾವಳಿ ಎಂದರೆ ಕೋರ್ಟು ಕಚೇರಿಗೆ, ಪೇಟೆಗೆ ಬಂದ ರೈತನಿಗೆ ಮನೆ ಇದ್ದ ಹಾಗೆ. ಈಚೆಗೆ ಅದೇ ಊಟ ಬೆಂಗಳೂರಿನಲ್ಲಿ ಬಣ್ಣದ ದೀಪದ ಕೆಳಗೆ “ಉತ್ತರ ಕರ್ನಾಟಕ ಶೈಲಿ” ಎಂಬ ಹೆಸರಿನಲ್ಲಿ ದುಬಾರಿಗೆ ಹೋಗುತ್ತಿದೆ. ಭಾರತದ ಪ್ರಸ್ತಾವದ ಮೇಲೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯದ ವರ್ಷವೆಂದು ಸಾರಿತು. ಜೋಳವೂ ಅದರಲ್ಲಿ ಸೇರಿತ್ತು. ದಿಲ್ಲಿಯ ದೊಡ್ಡವರೆಲ್ಲ ಜೋಳದ ತಿನಿಸು ತಿಂದು ಚಿತ್ರ ತೆಗೆಸಿಕೊಂಡರು. ಒಳ್ಳೆಯದೇ ಆಯಿತು. ಆದರೆ ನಮಗೂ ಗೌರವ ತಾಟಿಗೆ ಮಾತ್ರ ಸಿಕ್ಕಿತೋ, ಕಾಳಿಗೂ ಸಿಕ್ಕಿತೋ? ಲೆಕ್ಕ ಮಾಡೋಣ.

ಒಂದು ರೊಟ್ಟಿಗೆ 75 ಗ್ರಾಂ ಹಿಟ್ಟು ಹಿಡಿಯಿರಿ. ನಮ್ಮ ಮನೆಯ ಹೆಣ್ಣುಮಕ್ಕಳು ಒಂದು ಕಿಲೋಗೆ ಹದಿಮೂರು ರೊಟ್ಟಿ ಆದಾವು ಅಂತಾರೆ, ಅದೇ ಲೆಕ್ಕ. ಎರಡು ರೊಟ್ಟಿಗೆ 150 ಗ್ರಾಂ. ಮಾಲದಂಡಿ ಜೋಳದ 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ. ನೂರೈವತ್ತು ಗ್ರಾಮಿಗೆ 5 ರೂಪಾಯಿ 62 ಪೈಸೆ. ಖಾನಾವಳಿಯ ಊಟಕ್ಕೆ 100 ರೂಪಾಯಿ ಎಂದುಕೊಂಡರೆ ನೂರಕ್ಕೆ ಐದೂವರೆ ಪಾಲು ಜೋಳದ್ದು. ಟ್ಯಾಕೊ ತಾಟಿಗಿಂತ ಹತ್ತು ಪಟ್ಟಿಗೂ ಮೇಲು. ಅದೇ ಎರಡು ರೊಟ್ಟಿಯ ಊಟವನ್ನು ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ 400 ರೂಪಾಯಿಗೆ ಬಡಿಸಿದರೆ? ಆಗಲೂ ಜೋಳದ ಪಾಲು ಅದೇ 5 ರೂಪಾಯಿ 62 ಪೈಸೆ. ನೂರಕ್ಕೆ ಒಂದೂವರೆ ರೂಪಾಯಿ ಸಹ ಇಲ್ಲ. ಊಟ ದೊಡ್ಡದಾದಷ್ಟೂ ರೈತ ಸಣ್ಣವನಾಗುತ್ತ ಹೋಗುತ್ತಾನೆ.

ಇನ್ನು ಆ ಬೆಂಬಲ ಬೆಲೆಯ ಕಥೆ. ಅದನ್ನು ಮುಂಗಾರಿ ಬೆಳೆಗಳ ಪಟ್ಟಿಯಲ್ಲಿ ಸಾರುತ್ತಾರೆ. ನಮ್ಮ ಮಾಲದಂಡಿ ಹಿಂಗಾರಿ ಬೆಳೆ. ಹಸ್ತಾ ಮಳೆಯ ಹದಕ್ಕೆ ಬಿತ್ತಿ, ಶಿವರಾತ್ರಿಯ ಸುತ್ತಮುತ್ತ ರಾಶಿ ಮಾಡುತ್ತೇವೆ. ಬೆಲೆ ಸಾರಿ ಎಂಟೊಂಬತ್ತು ತಿಂಗಳ ಮೇಲೆ ನಮ್ಮ ಕಾಳು ಕಣಕ್ಕೆ ಬರುತ್ತದೆ. ಆ ಹೊತ್ತಿಗೆ ಖರೀದಿ ಕೇಂದ್ರ ನಮ್ಮೂರ ಹತ್ತಿರ ಬಾಗಿಲು ತೆರೆದಿರಬೇಕು. ತೆರೆಯದಿದ್ದರೆ ಆ ಬೆಲೆ ಗೋಡೆಯ ಮೇಲಿನ ಕ್ಯಾಲೆಂಡರ್ ಇದ್ದ ಹಾಗೆ, ನೋಡಲಿಕ್ಕೆ ಮಾತ್ರ.

ಇದರ ಫಲ ಏನಾಯಿತು, ನಿಮ್ಮ ಕಣ್ಣ ಮುಂದೆ ಇದೆ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಡೋಣಿ ಸಾಲಿನ ಎರಿ ಭೂಮಿಯಲ್ಲಿ ಒಂದು ಹದ ಮಳೆಗೆ ಜೋಳ ಎದೆಯುದ್ದ ಬರುತ್ತಿತ್ತು. 1970ರ ದಶಕದಲ್ಲಿ ದೇಶದಲ್ಲಿ ಒಂದೂವರೆ ಕೋಟಿ ಹೆಕ್ಟೇರಿಗೂ ಹೆಚ್ಚು ಜೋಳ ಇತ್ತು. ಇವತ್ತು ಅದು ಅರ್ಧ ಕೋಟಿ ಹೆಕ್ಟೇರಿಗೂ ಕಡಿಮೆ. ಇದಕ್ಕೆ ಒಂದೇ ಕಾರಣ ಇಲ್ಲ. 1966ರಲ್ಲಿ ಇದೇ ಮೆಕ್ಸಿಕೊದಿಂದ 18,000 ಟನ್ ಗಿಡ್ಡ ತಳಿಯ ಗೋಧಿ ಬೀಜ ತರಿಸಿದರು. ದೇಶದ ಹಸಿವು ಹಿಂಗಿಸಲಿಕ್ಕೆ ಅದು ಬೇಕಾಗಿತ್ತು. ಮುಂದೆ ಸರಕಾರ ಗೋಧಿ, ಅಕ್ಕಿಗಳನ್ನೇ ಕೊಂಡು ರೇಷನ್ ಅಂಗಡಿಗೆ ಹಾಕಿತು. ಜೋಳಕ್ಕೆ ಆ ಭಾಗ್ಯ ಸಿಗಲಿಲ್ಲ. ಹೀಗಾಗಿ ರೊಟ್ಟಿಯ ಜಾಗಕ್ಕೆ ಚಪಾತಿ ಬಂತು. ಇತ್ತ ಹಿಂಗಾರಿ ಜೋಳ ಕೀಳಲಿಕ್ಕೆ ಆಳು ಸಿಗುವುದು ಕಷ್ಟವಾಯಿತು. ಎತ್ತು ಮಾರಿದ ಮೇಲೆ ಕಣಕಿಯ ಬೆಲೆಯೂ ಮನೆಯವರ ಕಣ್ಣಿಗೆ ಕಾಣದಾಯಿತು.

ತಿಕೋಟದ ಕಡೆ ದ್ರಾಕ್ಷಿ ಬಂತು. ಒಣದ್ರಾಕ್ಷಿಯಿಂದ ಬಂದ ದುಡ್ಡಿನಲ್ಲಿ ಮನೆ ಕಟ್ಟಿದವರಿದ್ದಾರೆ, ಮಕ್ಕಳನ್ನು ಓದಿಸಿದವರಿದ್ದಾರೆ. ಅದನ್ನು ಬೇಡ ಎನ್ನಲು ನಾನು ಯಾರು? ಬಬಲೇಶ್ವರದ ಕಡೆ ಮುಳವಾಡ, ತುಬಚಿ ಏತ ನೀರಾವರಿಗಳಿಂದ ಕೃಷ್ಣೆಯ ನೀರು ಬಂತು, ಕಬ್ಬು ಬಂತು. ಆದರೆ ದ್ರಾಕ್ಷಿಗೆ ಕಲ್ಲು, ತಂತಿ, ಔಷಧ, ಚಾಟಣಿ ಕೂಲಿ ಎಲ್ಲವೂ ಸಾಲದ್ದು. ಅಕಾಲ ಮಳೆ ಒಂದು ರಾತ್ರಿ ಬಿದ್ದರೆ ಸಾಲ ಉಳಿಯುತ್ತದೆ, ಹಣ್ಣು ಉಳಿಯುವುದಿಲ್ಲ. ಜೋಳ ಶ್ರೀಮಂತ ಮಾಡುವ ಬೆಳೆ ಆಗಿರಲಿಲ್ಲ. ಅದು ಸಾಲ ಕೇಳದ ಬೆಳೆ ಆಗಿತ್ತು. ಬೀಜ ಮನೆಯದು, ಗೊಬ್ಬರ ಕೊಟ್ಟಿಗೆಯದು, ಮೇವು ದನದ್ದು. ಕಾಳು ಹಗೇವಿನಲ್ಲಿ ಇರುತ್ತಿತ್ತು. ಹಗೇವು ತುಂಬಿದ ರೈತ ಅಡತಿಯವನಿಗೆ “ಈ ಬೆಲೆಗೆ ಕೊಡೂದಿಲ್ಲ ಹೋಗೋ” ಅನ್ನಬಲ್ಲವನಾಗಿದ್ದ. ಇವತ್ತು ಬ್ಯಾಂಕಿನ ನೋಟೀಸು ಕೈಯಲ್ಲಿ ಹಿಡಿದು ಪೇಟೆಗೆ ಹೋಗುವವನು ಆ ಮಾತು ಅನ್ನಲಾರ. ಹೊಲದಲ್ಲಿ ನಾಲ್ಕು ಎಕರೆ ತೋಟ ಇಟ್ಟುಕೊಂಡು ಉಣ್ಣುವ ಜೋಳವನ್ನು ಸಂತೆಯಲ್ಲಿ ಕೊಳ್ಳುವ ಮನೆಗಳು ಈ ತಾಲೂಕಿನಲ್ಲಿ ಎಷ್ಟಿವೆ, ನೀವೇ ಹೇಳ್ರಿ.

ಹಾಗಾದರೆ ಏನು ಮಾಡಬೇಕು? ನನಗೆ ಕಂಡ ಮೂರು ಮಾತು ಹೇಳುತ್ತೇನೆ.

ಮೊದಲನೆಯದು, ಮನೆಗೆ ಉಣ್ಣಲಿಕ್ಕೆ, ದನಕ್ಕೆ ಮೇಯಲಿಕ್ಕೆ ಸಾಕಾಗುವಷ್ಟು ಜೋಳವನ್ನು ಪ್ರತಿಯೊಬ್ಬರೂ ಬಿತ್ತಿರಿ. ದ್ರಾಕ್ಷಿ ಇರಲಿ, ಕಬ್ಬು ಇರಲಿ, ಒಂದು ತುಂಡು ಎರಿ ಮಾತ್ರ ಜೋಳಕ್ಕೆ ಮೀಸಲಿರಲಿ. ಇದು ಹಳೆಯ ಕಾಲದ ಮೇಲಿನ ಮೋಹಕ್ಕೆ ಹೇಳುವ ಮಾತಲ್ಲ. ಮನೆಯಲ್ಲಿ ಕಾಳಿದ್ದರೆ ಎರಡು ತಿಂಗಳು ಕಾಯುವ ಶಕ್ತಿ ಬರುತ್ತದೆ. ಕಾಯುವ ಶಕ್ತಿ ಇದ್ದವನಿಗೇ ಬೆಲೆ.

ಎರಡನೆಯದು, ಕಾಳನ್ನು ರೊಟ್ಟಿಯ ತನಕ ನಮ್ಮ ಕೈಯಲ್ಲಿ ಇಟ್ಟುಕೊಳ್ಳುವ ದಾರಿ ಹುಡುಕಿರಿ. ಒಂದು ಕ್ವಿಂಟಲ್ ಜೋಳಕ್ಕೆ 1,300 ರೊಟ್ಟಿ. ಕಾಳಾಗಿ ಮಾರಿದರೆ 3,749 ರೂಪಾಯಿ, ಅಂದರೆ ಒಂದು ರೊಟ್ಟಿಯ ಕಾಳಿಗೆ 2 ರೂಪಾಯಿ 88 ಪೈಸೆ. ಒಂದು ಕಡಕ್ ರೊಟ್ಟಿ 8 ರೂಪಾಯಿಗೆ ಹೋದರೆ 10,400 ರೂಪಾಯಿ. ನಡುವಿನ 6,651 ರೂಪಾಯಿ ಎಲ್ಲ ಲಾಭವೆಂದು ಗಂಡಸರು ಹಿಗ್ಗಬೇಡಿರಿ. ಅದರಲ್ಲಿ ಬೀಸುವ ಖರ್ಚಿದೆ, ಉರುವಲಿದೆ, ಎಲ್ಲಕ್ಕಿಂತ ಹೆಚ್ಚಾಗಿ ಒಲೆಯ ಮುಂದೆ ಕೂತು ಸಾವಿರದ ಮುನ್ನೂರು ಸಲ ಬಡಿದ ಹೆಣ್ಣುಮಗಳ ತೋಳಿದೆ. ರೊಟ್ಟಿಯ ಹಣ ರೊಟ್ಟಿ ಬಡಿದವಳ ಕೈಗೇ ಹೋಗಬೇಕು. ಕಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಬೆಂಗಳೂರಿಗೂ ಹೋಗುತ್ತದೆ, ಮುಂಬೈಗೂ ಹೋಗುತ್ತದೆ. ನಮ್ಮ ಸೀಮೆಯ ಊರೂರಲ್ಲಿ ಹೆಣ್ಣುಮಕ್ಕಳು ಈ ಕೆಲಸ ಮಾಡುತ್ತಿದ್ದಾರೆ. ಅವರು ಜೋಳವನ್ನು ಪೇಟೆಯಿಂದ ಕೊಳ್ಳದೆ ನೇರವಾಗಿ ನಿಮ್ಮ ಕಣದಿಂದ ಕೊಳ್ಳುವಂತೆ ಊರಲ್ಲೇ ಕುಳಿತು ಕರಾರು ಮಾಡಿಕೊಳ್ಳಿರಿ. ಖಾನಾವಳಿಯವರ ಜೊತೆಗೂ ಹಾಗೆಯೇ. ಹಳತಾದ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ಸೀಳುತ್ತದೆ. ಹೊಸ ಮಾಲದಂಡಿ ಎಲ್ಲಿ ಸಿಕ್ಕೀತೆಂದು ಅವರೂ ಹುಡುಕುತ್ತಿರುತ್ತಾರೆ.

ಮೂರನೆಯದು, ಸರಕಾರಕ್ಕೆ ಕೇಳುವ ಮಾತು. ಹಿಂಗಾರಿ ಜೋಳದ ಖರೀದಿ ನಮ್ಮ ರಾಶಿಯ ಹೊತ್ತಿಗೆ, ನಮ್ಮ ತಾಲೂಕಿನಲ್ಲಿ ಆರಂಭವಾಗಬೇಕು. ಕೊಂಡ ಜೋಳ ಇದೇ ಸೀಮೆಯ ರೇಷನ್ ಅಂಗಡಿಗೆ, ಶಾಲೆ ಮಕ್ಕಳ ಊಟಕ್ಕೆ, ಹಾಸ್ಟೆಲ್ಲಿಗೆ ಬರಬೇಕು. ಸಿರಿಧಾನ್ಯದ ಜಾತ್ರೆಗೆ ಪೆಂಡಾಲು ಹಾಕುವ ಸರಕಾರಕ್ಕೆ ನಾಲ್ಕು ತಕ್ಕಡಿ ತೂಗುಹಾಕುವುದು ಭಾರವಾಗಬಾರದು. ಗೋವಿನಜೋಳವನ್ನು ನಮ್ಮ ದೇಶದಲ್ಲೂ ಈಗ ಎಥನಾಲಿಗೆ ತಿರುಗಿಸಿದ್ದಾರೆ. ಗೋವಿನಜೋಳ ಬೆಳೆಯುವವರು ಮೆಕ್ಸಿಕೊದ 2007ನ್ನು ನೆನಪಿನಲ್ಲಿಡಿರಿ. ಕಾರ್ಖಾನೆ ಕೊಳ್ಳುವಾಗ ಏರುವ ಬೆಲೆ, ಕಾರ್ಖಾನೆ ಕೈಬಿಟ್ಟ ದಿನ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ಈಗಲೇ ಕೇಳಿರಿ.

ಬಾಂಧವರೇ, ನಿಮ್ಮ ಮಕ್ಕಳು ಕರೆದರೆ ಟ್ಯಾಕೊ ಹೋಟೆಲಿಗೆ ಧಾರಾಳವಾಗಿ ಹೋಗಿ ಬನ್ನಿರಿ. ಸಂತೋಷದಿಂದ ತಿನ್ನಿರಿ, ಆ ರೊಟ್ಟಿಯ ಹಿಂದೆಯೂ ನಮ್ಮಂಥದೇ ಒಂದು ರೈತಕುಲ ಇದೆ. ಬಿಲ್ಲು ಬಂದಾಗ ಮಾತ್ರ ಅದನ್ನು ಮಗನಿಗೆ ಕೊಡುವ ಮೊದಲು ಒಮ್ಮೆ ಓದಿರಿ. “ಇದರಾಗ ಕಾಳಿನವನ ಪಾಲು ಎಷ್ಟಪಾ?” ಎಂದು ಅವನನ್ನೇ ಕೇಳಿರಿ. ಓದಿದ ಮಗ, ಲೆಕ್ಕ ಹಾಕಿ ಹೇಳುತ್ತಾನೆ. ಆ ಒಂದೂವರೆ ರೂಪಾಯಿಯ ಲೆಕ್ಕ ಅವನ ತಲೆಗೆ ಹೋದರೆ, ಊರಲ್ಲಿ ನೀವು ಯಾಕೆ ಸಾಲದಲ್ಲಿದ್ದೀರಿ ಎಂಬುದನ್ನು ಅವನಿಗೆ ಬೇರೆ ಬಿಡಿಸಿ ಹೇಳುವ ಕೆಲಸ ಇರುವುದಿಲ್ಲ.

ಈ ಸಲ ಹಸ್ತಾ ಮಳೆ ಬಿದ್ದ ಮೇಲೆ ಮನೆಗೆ ಒಂದು ತುಂಡು ಜೋಳ ಬಿತ್ತಿರಿ. ಮಿಕ್ಕ ಮಾತು ರಾಶಿಯ ಕಣದಲ್ಲಿ ಆಡೋಣ.